ತಳ ನೋಡುವವನು

ದಪ್ಪ ಕಾಗದ. ಅಂಚಿಗೆ ಬಂಗಾರದ ಗೆರೆ.
ನನ್ನ ಹೆಸರಲ್ಲೇ ತಪ್ಪು: ಸಾರಾಂತಿಸ್ ಹೋಗಿ ಸಾರಾಂತೋಸ್.
ಬರೆದವಳು ಮಗಳಲ್ಲ, ಅವಳಿಗೆ ಅತ್ತೆಯಾಗುವಾಕೆ.
‘ತಾವು ಬಂದರೆ ನಮಗೆ ಸಂತೋಷ.’
ನಮಗೆ ಅಂದರೆ ಯಾರು ಯಾರಿಗೆ?
ಅದರಲ್ಲಿ ಎವಾಂಥಿಯಾ ಸೇರಿದ್ದಾಳೋ ಇಲ್ಲವೋ?
ದೀಪಕ್ಕೆ ಹಿಡಿದು ನೋಡಿದೆ,
ಖೋಟಾ ನೋಟು ನೋಡುವವನ ಹಾಗೆ.

ಪೆರಾಮದಲ್ಲಿ ಕರಾವಿಯಾಸ್ ಮನೆತನ ಎಲ್ಲರಿಗೂ ಗೊತ್ತು,
ಅಂದರೆ ಯಾರಿಗೂ ಏನೂ ಗೊತ್ತಿಲ್ಲ.
ಮೂರು ತಲೆಮಾರಿನ ಹಡಗು, ಒಂದು ಕಾಸು ಸಾಲವಿಲ್ಲವಂತೆ.
ಸಾಲವಿಲ್ಲದ ಹಡಗಿನೊಡೆಯನನ್ನು
ಈ ಅರವತ್ತಮೂರು ವರ್ಷದಲ್ಲಿ ನಾನು ಕಂಡಿಲ್ಲ.
ಹಿಂದೊಮ್ಮೆ ಅವರದೊಂದು ಹಡಗು ಮುಳುಗಿದಾಗ
ಬದುಕುಳಿದವರಿಗಿಂತ ಬೇಗ ದಡ ಸೇರಿದ್ದು ವಿಮೆಯ ಹಣವಂತೆ.
ಹೇಳಿದವನು ಕಾಫಿ ಅಂಗಡಿಯ ಪಾಂಡೆಲಿಸ್.
ಅವನ ಮಾತು ಅರ್ಧ ಸಕ್ಕರೆ, ಅರ್ಧ ಗಷ್ಟು.
ಆದರೂ ಕುಡಿದೆ.

ಮಗಳು ಮಾತು ಬಿಟ್ಟು ಏಳು ವರ್ಷ.
ಅವಳ ತಾಯಿಯ ನಲವತ್ತನೆಯ ದಿನ
ಬೇಯಿಸಿದ ಗೋಧಿಯ ತಟ್ಟೆ ಅವಳ ಕೈಯಲ್ಲಿದ್ದಾಗಲೇ
ನಾನೊಂದು ಮಾತು ಅಂದೆ.
ತಟ್ಟೆ ಕೆಳಗಿಟ್ಟಳು, ಮೆಲ್ಲಗೆ,
ಒಂದು ಕಾಳೂ ಚೆಲ್ಲದಂತೆ.
ಹೋದಳು.

ನನ್ನ ಕಸುಬು ತಳ ನೋಡುವುದು.
ಮೇಲೆ ಥಳುಕು ಒಳಗೆ ಹುಳುಕು ಎನ್ನುತ್ತಾರಲ್ಲ,
ಹುಳುಕು ಒಳಗಿರುವುದಿಲ್ಲ, ಕೆಳಗಿರುತ್ತದೆ;
ಮುಳುಗಿದವನಿಗೆ ಗೊತ್ತು.
ಅವರ ವಿಹಾರನೌಕೆ ಝಿಯಾ ಬಂದರಿಗೆ ಬಂದಾಗ
ಪಾಳಿ ನನ್ನದಾಗಿರಲಿಲ್ಲ.
ಲೆಫ್ಟೆರಿಸ್‌ಗೆ ಎರಡು ಪ್ಯಾಕು ಸಿಗರೇಟು ಕೊಟ್ಟು ಕೊಂಡೆ.

ಬೀಗರ ಮನೆಗೆ ಮೊದಲ ಸಲ ಹೋಗುವವರು
ಸಿಹಿ ಹಿಡಿದು ಮುಂಬಾಗಿಲಿಂದ ಹೋಗುತ್ತಾರೆ.
ನಾನು ಕೆರೆಯುವ ಸಲಾಕೆ ಹಿಡಿದು ಅಡಿಯಿಂದ ಹೋದೆ.

ಚುಕ್ಕಾಣಿಯ ಸಂದು, ಪ್ರೊಪೆಲ್ಲರಿನ ಬುಡ,
ಎಲ್ಲೆಲ್ಲೂ ಬೆರಳಾಡಿಸಿದೆ.
ಹಿಂಬದಿಯ ಬಣ್ಣದಡಿ ಹಳೆಯ ಹೆಸರೊಂದು
ಅಡಗಿದೆಯೇ ಎಂದು ಕುರುಡನಂತೆ ಸವರಿದೆ.
ಇರಲಿಲ್ಲ.
ಇಲ್ಲವಲ್ಲ ಎಂದು ಸಿಟ್ಟು ಬಂತು.

ಸಿಕ್ಕಿದ್ದು ಸತು.
ಉಕ್ಕಿನ ಹಡಗಿಗೆಲ್ಲ ತಳದಲ್ಲಿ ಬಿಗಿಯುವ ಗಟ್ಟಿ,
ಉಪ್ಪುನೀರು ತಿನ್ನುವುದಾದರೆ
ಮೊದಲು ಅದನ್ನೇ ತಿನ್ನಲಿ ಎಂದು.
ಕಚ್ಚಿ ಬಿಟ್ಟ ಬಿಸ್ಕತ್ತಿನಷ್ಟು ಉಳಿದಿತ್ತು.
ಪಕ್ಕದ ಉಕ್ಕು ಮಾತ್ರ ಹೊಸದರಂತೆ ಮಿರಮಿರ.

ನೋಡಿದೆಯಾ, ಎಂದುಕೊಂಡೆ, ಅಂಥ ಮನೆಯಲ್ಲಿ
ಯಾರಾದರೊಬ್ಬರು ಸವೆಯಲೇಬೇಕು.
ನನ್ನ ಮಗಳನ್ನು ನಾಲ್ಕು ಬೋಲ್ಟು ಹಾಕಿ ಬಿಗಿಯುತ್ತಾರೆ,
ಮೇಲೆ ಕೂತು ದ್ರಾಕ್ಷಿ ತಿನ್ನುತ್ತಾರೆ.
ನನ್ನ ಗುಳ್ಳೆಗಳು ಒಂದರ ಹಿಂದೊಂದು ಮೇಲೇರಿದವು.
ಆಗ, ಕರೆಯದೆ, ಸ್ತಮಾತಿಯ ಕೈ ನೆನಪಾಯಿತು:
ಕೊನೆಯ ವರ್ಷ ಮದುವೆಯುಂಗುರ ಜಾರದಿರಲೆಂದು
ನೂಲು ಸುತ್ತಿಕೊಂಡಿದ್ದಳು.
ಮೂವತ್ತೊಂದು ವರ್ಷ
ನನಗೆ ಚೂರೂ ತುಕ್ಕು ಹಿಡಿದಿರಲಿಲ್ಲ.

ನೆತ್ತಿಯ ಮೇಲೆ ಹೆಜ್ಜೆ ಸದ್ದು.
ಎಡಗಾಲು ಒಂದಿಷ್ಟು ಎಳೆಯುವ ನಡೆ,
ಆರನೇ ವಯಸ್ಸಿನಲ್ಲಿ ಸೈಕಲ್ಲಿಂದ ಬಿದ್ದಾಗಿನಿಂದ
ನಾನು ಬಲ್ಲ ನಡೆ.
ಅಥವಾ ಬೇರೆ ಯಾರದೋ;
ನೀರಲ್ಲಿ ಎಲ್ಲ ಸದ್ದೂ ಹತ್ತಿರದ್ದೇ.
ಅದರ ಹಿಂದೆ ಇನ್ನೊಂದು ಜೋಡಿ, ತುಸು ಭಾರ.
ಮೊದಲನೆಯದು ನಿಂತಾಗ ಅದೂ ನಿಂತಿತು.
ಕಾಯುತ್ತಿದ್ದಾನೆ ಅವಳನ್ನು.
ಕಾಯುವುದೋ, ಕಾವಲೋ?
ಎರಡಕ್ಕೂ ಒಂದೇ ಮಾತು,
ಒಂದೇ ಸದ್ದು, ತಳದಿಂದ ಕೇಳುವವನಿಗೆ.

ಹೊಸ ಸತು ಕೂರಿಸಿದೆ.
ಕೊನೆಯ ಬೋಲ್ಟಿಗೆ ಒಂದು ಸುತ್ತು ಹೆಚ್ಚೇ ಕೊಟ್ಟೆ.
ಸಿಲಿಂಡರಿನ ಮುಳ್ಳು ಕೆಂಪಿಗಿಳಿಯುವವರೆಗೆ
ಮೇಲೆ ಬರಲಿಲ್ಲ.
ಬಂದಾಗ ಅಟ್ಟಣೆ ಖಾಲಿ,
ತೊಳೆದು ಇನ್ನೂ ಆರದ ಹಲಗೆ.

ಸವೆದ ತುಂಡು ಮನೆಗೆ ತಂದು
ಆ ಕಾಗದ ಗಾಳಿಗೆ ಹಾರದಿರಲೆಂದು ಮೇಲಿಟ್ಟಿದ್ದೇನೆ.
ಮದುವೆ ಬರುವ ಭಾನುವಾರ.
ಹೋಗುತ್ತೇನೆಂದು ಯಾರಿಗೂ ಹೇಳಿಲ್ಲ.
ಹೆಸರಿನ ತಪ್ಪನ್ನು ಪೆನ್ಸಿಲಿನಲ್ಲಿ ತಿದ್ದಿದೆ,
ಅಷ್ಟೇ.