ಬದುವಿನ ಜೇಕು

ಹುಲ್ಲು ಎನ್ನಬೇಡಿ ಇದನ್ನು.
ದಂಟನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ,
ಸರಾಗ ಹೊರಳುವುದಿಲ್ಲ,
ಸುತ್ತಿಗೆ ಮೂರು ಸಲ ತಡೆಯುತ್ತದೆ.
ಮೂರಂಚು. ಜೇಕಿನ ಕುಲ.
ಇಷ್ಟು ಹೇಳುವಷ್ಟರಲ್ಲಿ
ಬಿಳಿ ಶಾಲು ಹೊದ್ದ ಐವರು ಹಿರಿಯರು
ನನ್ನ ಬೆರಳಿನ ಮೇಲೆ ಬಗ್ಗಿದ್ದರು.

ಅದು ತಾನಾ ಸರೋವರದ ಮೂಡಲಿಗೆ, ಫೋಗೆರಾ ಬಯಲು.
ಮಳೆ ಬಿಟ್ಟು ಹನ್ನೊಂದು ದಿನ.
ಹೊಸ ವರ್ಷಕ್ಕೆಂದು ನೆಲಕ್ಕೆ ಹರಡಿದ ಕೆತೆಮಾ
ಮನೆಗಳೊಳಗೆ ಇನ್ನೂ ಅರ್ಧ ಹಸಿರು.
ಅದೂ ಜೇಕೇ, ಎತ್ತರದ್ದು, ಸಂತೆಯಲ್ಲಿ ಕಟ್ಟಿಗಿಷ್ಟೆಂದು ಬೆಲೆಯುಳ್ಳದ್ದು.
ಇದಕ್ಕೆ ಯಾರೂ ಬೆಲೆ ಕಟ್ಟಿಲ್ಲ. ಆರು ಬೆರಳುದ್ದ.

ನಾನು ನ್ಯಾಯಕ್ಕೆ ಬಂದವಳಲ್ಲ.
ಆದಿಸ್ ಅಬಾಬಾದಲ್ಲಿ ಒಣಗಿದ ಗಿಡಗಳನ್ನು
ಹಾಳೆಗೆ ಹೊಲಿದು ಹೆಸರು ಬರೆಯುವುದು ನನ್ನ ಕೆಲಸ.
ದಾರಿಯಲ್ಲಿ ಹೋಗುತ್ತಿದ್ದೆ, ಕರೆದರು.

ವಿಧವೆ ತಿರಿಂಗೊ ಅಂದಳು:
ಬದು ನನ್ನ ಹೊಲದೊಳಕ್ಕೆ ಐದು ಹೆಜ್ಜೆ ನಡೆದಿದೆ.
ಗಶಾವ್ ಅಂದ: ಬದುವಿಗೆ ಕಾಲುಂಟೇ?
ನಡುವೆ, ಬದುವಿನ ಉದ್ದಕ್ಕೂ, ಗೇಣಗಲ,
ಈ ಜೇಕು ಸಾಲುಗಟ್ಟಿ ನಿಂತಿತ್ತು.
ಬೇರೆಲ್ಲೂ ಒಂದು ಕಡ್ಡಿಯಿಲ್ಲ.

ಕಿತ್ತೆ. ಸುಮ್ಮನೆ ಬಂತು.
ಕೊನ್ನಾರಿಯ ಹಾಗೆ ಗಡ್ಡೆಯನ್ನು ಒಳಗೇ ಬಿಟ್ಟು
ಬರಿಗೈ ಮಾಡಿ ಕಳಿಸುವ ಬುದ್ಧಿ ಇದಕ್ಕಿಲ್ಲ.
ತೆವಳುವ ಬೇರಿಲ್ಲ, ಒಂದು ಚಿಟಿಕೆ ಕೆಂಪು ನೂಲು ಅಷ್ಟೇ.
ಒಂದೇ ಮಳೆಗಾಲದ ಜೀವ.
ಭೂತಗನ್ನಡಿ ಹಿಡಿದರೆ ತೆನೆಯ ಒಂದೊಂದು ಹೊಟ್ಟಿನ ತುದಿಯೂ
ಮುನಿದ ಮಗುವಿನ ಕೆಳದುಟಿಯ ಹಾಗೆ
ಹೊರಕ್ಕೆ ಬಾಗಿತ್ತು.

"ಮಗಳೇ, ಇದು ಅಗೆದಲ್ಲೇ ಹುಟ್ಟುತ್ತದೋ?"
ಕೇಳಿದವರು ಅಬಾ ದೆಮೆಲಾಶ್, ಒಂದು ಕಣ್ಣಿಗೆ ಪೊರೆ.
ಅಗೆದಲ್ಲೂ, ಅಂದೆ.
ಎತ್ತು ತುಳಿದಲ್ಲೂ, ನೀರು ಕೊರೆದಲ್ಲೂ.
ಏ ಬೇಕಾಗಿತ್ತು ತಿರಿಂಗೊಗೆ,
ಊ ಸಿಕ್ಕಿತು. ಮುಖ ತಿರುಗಿಸಿದಳು.
"ಹೋಗಲಿ, ಹೆಸರಾದರೂ ಹೇಳು."
ಈಗಲೇ ಆಗದು, ಒಣಗಬೇಕು,
ಇದರ ಗುರುತು ವಾಸನೆಯಲ್ಲಿದೆ, ಅದು ಸತ್ತ ಮೇಲೆ ಬರುವುದು.
ಗಶಾವ್ ಒಬ್ಬನೇ ನಕ್ಕ. ಸ್ವಲ್ಪ ಜಾಸ್ತಿಯೇ ನಕ್ಕ.

ವೊರೆತಾದ ಹೋಟೆಲಿನಲ್ಲಿ, ಮೂರನೆಯ ರಾತ್ರಿ,
ಮಂಚದ ಕಾಲ ಕೆಳಗೆ ಒತ್ತಿಟ್ಟ ಪತ್ರಿಕೆಗಳ ನಡುವಿನಿಂದ
ಎದ್ದಿತು.
ಒಡತಿ ಬಾಗಿಲು ತಟ್ಟಿದಳು:
ಈ ಹೊತ್ತಿನಲ್ಲಿ ಯಾರು ಮೆಂತ್ಯ ಹುರಿಯುತ್ತಿರುವುದು?

ದೀಪ ಹಚ್ಚಿ ಚೀಟಿ ಬರೆದೆ.
ಸೈಪೆರಸ್ ಸ್ಕ್ವಾರೋಸಸ್. ಏಕವಾರ್ಷಿಕ.
ನೆಲೆ: ಇತ್ತೀಚೆಗೆ ಕದಡಿದ ಮಣ್ಣು.
ಕದಡಿದ್ದು ಯಾರೆಂದು ಬರೆಯಲು
ಚೀಟಿಯಲ್ಲಿ ಜಾಗ ಬಿಟ್ಟಿರುವುದಿಲ್ಲ.
ಪೆನ್ನು ಮಾತ್ರ ಮುಚ್ಚದೆ ಸ್ವಲ್ಪ ಹೊತ್ತು ಕೂತಿದ್ದೆ.

ಮರುದಿನ ಎರಡನೆಯ ಮಾದರಿಗೆಂದು ಹೋದರೆ
ಬದು ಐದು ಹೆಜ್ಜೆ ಆಚೆಗಿತ್ತು.
ರಾತ್ರೋರಾತ್ರಿ. ಯಾರೂ ನೋಡಿಲ್ಲವಂತೆ.
ಗಶಾವ್‌ನ ಅಂಗೈಯಲ್ಲಿ ಎರಡು ಬೊಕ್ಕೆ;
ತಿರಿಂಗೊ ಅವನಿಗೂ ಕಾಫಿ ಬಗ್ಗಿಸಿದಳು,
ಮೊದಲ ಸುತ್ತು, ಎರಡನೆಯದು,
ಮೂರನೆಯದಕ್ಕೂ ಅವನು ಏಳಲಿಲ್ಲ.
ಹಳೆಯ ಸಾಲಿನ ಜೇಕು ಮಗುಚಿ ಬಿದ್ದಿತ್ತು,
ಬೀಜ ಆಗಲೇ ಉದುರಿತ್ತು.

ಅಬಾ ದೆಮೆಲಾಶ್ ಕೋಲಿನಿಂದ ಹಸಿಮಣ್ಣು ಕೆದಕಿ
ಅಲ್ಲೊಮ್ಮೆ, ಇಲ್ಲೊಮ್ಮೆ ತೋರಿಸಿದರು.
"ಬರುವ ಮಳೆಗೆ ಎರಡು ಸಾಲು ಏಳುತ್ತವೆ ನೋಡು.
ಆಗ ಏನಂತೀಯ?"
ನಾನು ಒಂದು ಗಿಡ ಕಿತ್ತು
ಪತ್ರಿಕೆಯ ಮಡಿಕೆಯಲ್ಲಿಟ್ಟೆ.