ಹಿಂಬದಿಯ ಬಣ್ಣ

ಬುಸಾನ್ ಬಂದರಿಗೆ ಬೆನ್ನು ಹಾಕಿದ ಓಣಿ,
ಎರಡನೇ ಮಹಡಿ, ಕೆಳಗೆ ಮೀನುಸಾರಿನ ಅಂಗಡಿ.
ಮೇಜಿನ ಮೇಲೆ ಅಂಗಾತ ಮಲಗಿದೆ
ಏಳು ನೂರು ವರುಷದ ಒಂದು ರೇಷ್ಮೆ.

ಹೇದಮ್ ಉಸಿರು ಬಿಗಿಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಾಳೆ:
ಬಂಡೆ, ನೀರು, ನೀರೊಳಗೆ ಅರ್ಧ ಅಳಿಸಿದ ಚಂದ್ರ,
ಮಂಡಿ ಮೇಲೆ ಕೈಯಿಟ್ಟು ಕೂತ ಗ್ವಾನುಮ್.
ಹೊಗೆಯಷ್ಟು ತೆಳ್ಳನೆ ಮುಸುಕು,
ತುಂಬುಗಲ್ಲ, ಸಣ್ಣ ಕೆಂಪು ತುಟಿ,
ತುಟಿಯ ಮೇಲೆ
ಹಸಿರಲ್ಲಿ ಎರಡೆಳೆ ಮೀಸೆ,
ಬಳ್ಳಿಯ ಕುಡಿಯಂತೆ ಸುರುಳಿ.

ಹೊರಟಾಗ ಅವಲೋಕಿತೇಶ್ವರ, ರಾಜಕುಮಾರನ ಒಡವೆ, ಗಂಡೆದೆ.
ಮರಳು ದಾಟಿ, ಗುಹೆಗೊಂದು ರಾತ್ರಿ ತಂಗಿ,
ಹಡಗು ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ
ಕೂಸಿಲ್ಲದವರಿಗೆ ಕೂಸು ಕೊಡುವ ತಾಯಿ.
ಯಾವ ಊರಲ್ಲಿ, ಯಾವ ಸಂಜೆ ಆಯಿತು ಅದು?
ಯಾರೂ ಬರೆದಿಟ್ಟಿಲ್ಲ.
ಯಾವ ಕಚೇರಿಯೂ ಮೊಹರು ಕೇಳಲಿಲ್ಲ.

ಗುಡಿಯ ಹೆಂಗಸರು ಕಿತ್ತಳೆ ಪೆಟ್ಟಿಗೆ ಹೊತ್ತು ಬಂದರು.
ದನಿ ತಗ್ಗಿಸಿ: "ಹೇಗೂ ತೊಳೀತೀರಲ್ಲ,
ಅಮ್ಮನ ಮೀಸೆ ತಾನಾಗಿ ಮಾಸಿಹೋದರೆ ಯಾರು ಕೇಳ್ತಾರೆ?"
ಪ್ಯೋ ಒಕ್‌ಬುನ್, ವಯಸ್ಸು ಎಪ್ಪತ್ತೊಂದು, ಅಂಟಿನ ಜಾಡಿ ಕಲಕುತ್ತಾ
"ಇದ್ದದ್ದನ್ನು ತೆಗೆಯೋ ಅಂಗಡಿ ಬೇರೆ ಇದೆ" ಅಂದರು.

ಇತ್ತು ನಿಜಕ್ಕೂ, ಎರಡು ಬಸ್‌ಸ್ಟಾಪ್ ಆಚೆ.
ಹೇದಮ್ ಗಡ್ಡದ ಬೇರುಗಳನ್ನು ಬೆಳಕಿನಿಂದ ಸುಡಿಸಿಕೊಂಡದ್ದು ಅಲ್ಲೇ,
ಹನ್ನೊಂದು ಸಲ,
ಪ್ರತಿ ಸಲವೂ ಮುಖಕ್ಕೆ ಐಸು ಒತ್ತಿ ಬಸ್ಸಿಗೆ ಕಾದು.

ಪ್ಯೋ ನಾಲಿಗೆ ಕಚ್ಚಿಕೊಂಡರು.
ಹೇದಮ್ ನಕ್ಕಳು. "ಆ ಮೀಸೆ ಅವರಿಗೆ ನೋಯುತ್ತಿಲ್ಲ.
ನನ್ನದು ನನಗೆ ನೋಯುತ್ತಿತ್ತು. ಅಷ್ಟೇ."

ನಕ್ಕಳು ಎಂದು ಬರೆದೆ. ಕ್ರಿಯಾಪದದ ಬಾಲ ಎತ್ತಿ
ಗಂಡೋ ಹೆಣ್ಣೋ ನೋಡುವ ಭಾಷೆ ನನ್ನದು.
ಅವಳ ಭಾಷೆ ನಗುವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ.
ಅವಳ ದೇಶ ಮಾತ್ರ ಸುಮ್ಮನಿರದೆ
ಗುರುತಿನ ಚೀಟಿಯ ಅಡ್ಡಗೆರೆ ದಾಟಿದ ಮೊದಲ ಅಂಕಿಯಲ್ಲಿ
ಬಚ್ಚಿಟ್ಟಿದೆ: ಒಂದು ಎಂದರೆ ಗಂಡು, ಎರಡು ಎಂದರೆ ಹೆಣ್ಣು.
ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮತಗಟ್ಟೆಯಲ್ಲಿ
ಗುಮಾಸ್ತರ ಕಣ್ಣು ಅಂಕಿಗೆ, ಮುಖಕ್ಕೆ, ಮತ್ತೆ ಅಂಕಿಗೆ.
ಒಂದಕ್ಕೆ ಒಂದು ಕೂಡಿಸಿದರೆ ಎರಡು, ಮಕ್ಕಳ ಲೆಕ್ಕ.
ನ್ಯಾಯಾಲಯ ಮೂರು ವರುಷದಿಂದ ಕೂಡಿಸುತ್ತಲೇ ಇತ್ತು.

ಫೆಬ್ರವರಿ. ರೇಷ್ಮೆಯನ್ನು ಬೋರಲು ಹಾಕಿದರು.
ಹಳೆ ಕಾಗದದ ಪದರ ನೆನೆಸಿ, ಬೆರಳ ತುದಿಯಿಂದ
ಹೊಸೆದು ಹೊಸೆದು ಬಿಡಿಸಿ, ದಿನಕ್ಕೊಂದು ಅಂಗೈಯಗಲ.
ಒಂಬತ್ತನೆಯ ದಿನ ಮುಖದ ಹಿಂಬದಿ ಬಂತು.

ಅಲ್ಲಿ ಕಣ್ಣಿಲ್ಲ, ತುಟಿಗೆರೆಯಿಲ್ಲ,
ಮೀಸೆಯೂ ಇಲ್ಲ.
ಆ ಕಾಲದವರು ಮೈಬಣ್ಣವನ್ನು ಹಿಂದಿನಿಂದ ಬಳಿಯುತ್ತಿದ್ದರು,
ಎಳೆಗಳ ಸಂದಿಯಲ್ಲಿ ಮೆಲ್ಲಗೆ ಮುಂದಕ್ಕೆ ಜಿನುಗಲೆಂದು.
ಗೆರೆಗಳೆಲ್ಲ ಆಮೇಲೆ, ಎದುರಿನಿಂದ,
ನೋಡುವವರಿಗಾಗಿ.

ಬಿಳಿ, ಅದರಲ್ಲಿ ಚೂರು ಹಳದಿ,
ಈಗಷ್ಟೇ ಹೊದಿಕೆ ಸರಿಸಿದ ಮೈಯ ಹಾಗೆ.
ಹೇದಮ್ ಕೈಗವಸು ಕಳಚಿದಳು. ಮುಟ್ಟಲಿಲ್ಲ.
"ಫೋಟೋ ತೆಗಿ," ಅಂದರು ಪ್ಯೋ, "ನಾಳೆ ಮುಚ್ಚಬೇಕು.
ಇನ್ನು ನೂರು ವರುಷ ಇದನ್ನ ಯಾರೂ ನೋಡಲ್ಲ."
"ಇರುತ್ತಲ್ಲ," ಅಂದಳು.

ನ್ಯಾಯಾಲಯದ ಲಕೋಟೆ ಮಂಗಳವಾರವೇ ಬಂದಿತ್ತಂತೆ.
ಕುಂಚದ ಡಬ್ಬಿಯ ಕೆಳಗಿಟ್ಟು,
ಹೊಸ ಕಾಗದದ ಅಂಟು ಒಣಗುವ ತನಕ ಒಡೆಯಲಿಲ್ಲ.
ಓದಿ, ಮಡಿಸಿ, ಮತ್ತೆ ಓದಿ,
ಕೈ ತೊಳೆಯಲು ಹೋದವಳು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.
ಪ್ಯೋ ಏನೂ ಕೇಳದೆ
ಅಂಟಿನ ಜಾಡಿಗೆ ಮುಚ್ಚಳ ಹಾಕಿದರು.

ಕೆಳಗಿನಿಂದ ಹುಡುಗ ಕೂಗಿದ: ಸಾರು ಎಷ್ಟು ಬಟ್ಟಲು?
"ಎರಡು," ಎಂದಳು ಹೇದಮ್,
ಬೇಕಾದ್ದಕ್ಕಿಂತ ಜೋರಾಗಿ.