ಬೀಗದವನ ಖರೀದಿ

ತೊರೂನಿನ ಗಲ್ಲಿಯಲ್ಲಿ ಮೂವತ್ತೊಂದು ವರ್ಷ
ಊರವರ ಬೀಗ ತೆಗೆದುಕೊಟ್ಟವನು ಬೊಗುಮಿಲ್.
ಇವತ್ತು ಅಂಗಡಿಯಲ್ಲಿ ನಿಂತು
ಕಂಪ್ಯೂಟರಿಗೆ ಬಾಗಿಲು ಎಲ್ಲಿ ಎಂದು ಕೇಳುತ್ತಾನೆ.

ಹುಡುಗ ಎರಡು ಡಬ್ಬಿ ಇಟ್ಟ.
ಒಂದಕ್ಕೆ ವರ್ಷ ವರ್ಷ ಬಾಡಿಗೆ.
ಇನ್ನೊಂದು ಒಳಹೊಕ್ಕರೆ ಯಂತ್ರವೇ ತೂಕಡಿಸುತ್ತದಂತೆ.
ಡಬ್ಬಿಯಿಲ್ಲದ ಮೂರನೆಯದು ಪುಕ್ಕಟೆ.

‘ಪುಕ್ಕಟೆ ಕಾವಲುಗಾರ
ರಾತ್ರಿ ಊಟಕ್ಕೆ ಎಲ್ಲಿ ಹೋಗುತ್ತಾನೆ?’
ಹುಡುಗ ನಕ್ಕ. ಬೊಗುಮಿಲ್ ನಗಲಿಲ್ಲ;
ಬೇಲಿ ಎದ್ದು ಹೊಲ ಮೇಯ್ದದ್ದನ್ನು ಕಂಡವನು,
ಎಂದೋ ತಾನೇ ಅರೆದ ಒಂದು ಜೋಡಿ ಕೀಲಿ
ಯಾರ ಜೇಬು ಸೇರಿತೆಂದು
ಇನ್ನೂ ನಿದ್ದೆಗೆಡುವವನು.

ಕೊನೆಗೆ ದುಡ್ಡು ಕೊಟ್ಟೇ ತಂದ.
ಪರದೆಯಲ್ಲಿ ಪಟ್ಟಿ ತೆವಳಿತು:
ನೂರಕ್ಕೆ ನಲವತ್ತು, ನಲವತ್ತೊಂದು...
ಒಲೆಯ ಮೇಲೆ ಬೀಟ್‌ರೂಟ್ ಸಾರು ಕುದಿದು, ಆರಿ,
ಮತ್ತೆ ಬಿಸಿಯಾಯಿತು.
ಹಸಿರು ಗುರುತು ಮೂಡಿತು: ನೀವು ಸುರಕ್ಷಿತ.

ಆಗ ಅಡುಗೆಮನೆಯಿಂದ ಹಾಲ್ಶ್ಕಾ,
ಕಿವಿಗೆ ಫೋನು, ಕೈಯಲ್ಲಿ ಸೌಟು:
‘ನಮಗೆ ಯಾವುದೋ ಪಾರ್ಸೆಲ್ ಬಂದಿದೆಯಂತೆ,
ಪಾಪ, ತುಂಬ ಮರ್ಯಾದಸ್ಥ ಹುಡುಗ,
ಬ್ಯಾಂಕಿನ ನಂಬರು ಕೇಳುತ್ತಿದ್ದಾನೆ —
ಅದು ನಿನ್ನ ಹುಟ್ಟಿದ ದಿನವೇ ತಾನೆ?’

ಓಡಿದ.
ಒಂದು ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು.